ನಾಲಿಗೆಯ ಮೇಲೆ ಹತ್ತು ಎಣಿಸುವ ತನಕ

ಮಾರ್ಚ್ 4, ಮಂಗಳವಾರ

ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಬಿಸಿಲು, ಪಡುವಣ ಗಾಳಿ. ಮೇಪಲ್ ಮರಗಳು ರಸ ಬಿಡುವುದಕ್ಕೆ ಇನ್ನೇನು ಬೇಕು? ಅಪ್ಪ ತನ್ನ ದಿನಚರಿಯನ್ನು ಹೀಗೆಯೇ ಹವೆಯಿಂದ ಶುರುಮಾಡುತ್ತಿದ್ದ. ಅವನ ಹನ್ನೊಂದು ಪುಸ್ತಕಗಳಲ್ಲಿ ಗಾಳಿ, ಹಿಮ, ರಸ, ಕಟ್ಟಿಗೆ ಬಿಟ್ಟರೆ ಬೇರೆ ಮಾತಿಲ್ಲ. ಹಲ್ಲುನೋವಿನ ಬಗ್ಗೆಯಂತೂ ಒಂದಕ್ಷರ ಇಲ್ಲ. ಇರುವುದಾದರೂ ಹೇಗೆ, ನಲವತ್ತು ತುಂಬುವ ಮೊದಲೇ ಎಲ್ಲವನ್ನೂ ಕೀಳಿಸಿ ಕೂತಿದ್ದ.

ಇವತ್ತು ಊರ ಸಭೆ. ಹಿಮ ಗೋರುವ ಹೊಸ ಲಾರಿ ಬೇಕೋ ಬೇಡವೋ ಎಂದು ಎರಡು ಗಂಟೆ ಕಿತ್ತಾಡಿ, ಕೈ ಎತ್ತಿ ಬೇಡವೆಂದು ತೀರ್ಮಾನಿಸಿ, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಯಾರೋ ಐಸ್ ಹಾಕಿದ ನೀರಿನ ಲೋಟ ಮುಂದಿಟ್ಟರು. ಒಂದೇ ಗುಟುಕು. ಎಡಗಡೆಯ ಮೇಲಿನ ಹಲ್ಲುಗಳಿಂದ ಕಣ್ಣಿನ ಹಿಂದಿನ ತನಕ ಚುಳ್ ಎಂದು ಹೋಯಿತು. ಕೆಮ್ಮು ಬಂದವಳ ಹಾಗೆ ನಟಿಸಿ ಬಾಯಿಗೆ ಕೈ ಅಡ್ಡ ಹಿಡಿದೆ. ಅದೇ ಹೊತ್ತಿಗೆ ಎದುರಿಗೆ ಕೂತಿದ್ದ ಆಲ್ಡನ್ ಮುದುಕ, "ಐವತ್ತು ದಾಟಿದೋರಲ್ಲಿ ಬಾಯಿ ತುಂಬ ಸ್ವಂತ ಹಲ್ಲಿರೋದು ನಮ್ಮ ವರ್ನಾಗೊಬ್ಬಳಿಗೇ ನೋಡ್ರಪ್ಪಾ. ತೋರ್ಸಮ್ಮ ಒಂದ್ಸಲ!" ಎಂದ. ಎಲ್ಲರೂ ತಿರುಗಿ ನೋಡಿದರು. ತೋರಿಸಿದೆ. ನಗುವಾಗ ಒಳಗೆ ಹೋದ ತಣ್ಣನೆಯ ಗಾಳಿಗೆ ಮತ್ತೊಮ್ಮೆ ಚುಳ್ ಎಂದಿತು.

ಇದು ಮೂರನೇ ವಾರ. ಯಾರಿಗೂ ಹೇಳಿಲ್ಲ, ಹೇಳುವ ಹಾಗೂ ಇಲ್ಲ. ಇಪ್ಪತ್ತಾರು ವರ್ಷ ಶಾಲೆಯ ಅಡಿಗೆಮನೆಯಲ್ಲಿ ಬಡಿಸುತ್ತ, ತಟ್ಟೆ ಹಿಡಿದು ಬಂದ ಒಂದೊಂದು ಮಗುವನ್ನೂ "ಹಲ್ಲುಜ್ಜಿದ್ಯಾ? ಎಲ್ಲಿ, ಆ ಅನ್ನು" ಎಂದು ಗದರಿದವಳು ನಾನು. ಈಗ ನನ್ನ ಬಾಯಲ್ಲೇ ಹುಳುಕು ಎಂದರೆ ಊರು ನಗದೆ ಬಿಡುತ್ತದೆಯೇ?

ಮಾರ್ಚ್ 9, ಭಾನುವಾರ

ಗಾಳಿ ನಿಂತಿದೆ. ಮೊದಲ ಕುದಿ.

ನಮ್ಮ ಆಲೆಮನೆಯಲ್ಲಿ ಮೂವತ್ತು ವರ್ಷದಿಂದ ಒಂದೇ ಏರ್ಪಾಡು. ತಮ್ಮ ರಾಯ್ಸ್ ಮರಗಳನ್ನು ನೋಡಿಕೊಳ್ಳುತ್ತಾನೆ, ಅವನ ಹೆಂಡತಿ ಓಡೆಟ್ ರಸ ಕುದಿಸಿ ಪಾಕ ಮಾಡುತ್ತಾಳೆ, ನಾನು ರುಚಿ ನೋಡುತ್ತೇನೆ. ಓಡೆಟ್ ಗಡಿಯಾಚೆಯ, ಫ್ರೆಂಚ್ ಮಾತಾಡುವ ಕ್ವಿಬೆಕ್‌ನಿಂದ ಬಂದವಳು. ಮದುವೆಯಾದ ಹೊಸತರಲ್ಲಿ ಅವಳ ಮಾತಿನ ಧಾಟಿಯನ್ನು ಊರಿನವರೆಲ್ಲ ಆಡಿಕೊಂಡು ನಕ್ಕಿದ್ದರು. ರಾಯ್ಸ್ ಒಂದೇ ವಾರದಲ್ಲಿ ಎರಡು ಕೊಪ್ಪರಿಗೆ ಪಾಕ ಸೀಯಿಸಿದ ವರ್ಷ ಅವಳು ಅವನನ್ನು ಪಕ್ಕಕ್ಕೆ ತಳ್ಳಿ ಸೌಟು ಹಿಡಿದಳು. ಅವತ್ತಿನಿಂದ ಯಾರೂ ನಕ್ಕಿಲ್ಲ. ಹಬೆಯ ವಾಸನೆಯಲ್ಲೇ ಪಾಕ ಎಲ್ಲಿಗೆ ಬಂತೆಂದು ಹೇಳುತ್ತಾಳೆ.

ಆದರೆ ಪೀಪಾಯಿಗೆ ಮುಚ್ಚಳ ಬೀಳುವುದು ನನ್ನ ಮಾತಿನ ಮೇಲೆ. ಅಪ್ಪ ಕಲಿಸಿದ್ದು ಇಷ್ಟೇ: ಒಂದು ಚಮಚ ನಾಲಿಗೆಯ ಮೇಲಿಟ್ಟು ಹತ್ತು ಎಣಿಸು, ನುಂಗು, ಮತ್ತೆ ಹತ್ತು ಎಣಿಸು. "ಒಳ್ಳೆ ರುಚಿ ಮುಂಬಾಗ್ಲಿಂದ ಬರತ್ತೆ ಮಗಳೇ, ಕೆಟ್ಟದ್ದು ಹಿತ್ತಿಲ ಬಾಗ್ಲಿಂದ ಬರತ್ತೆ. ಕಾಯ್ಬೇಕು" ಎನ್ನುತ್ತಿದ್ದ.

ಇವತ್ತು ಆರಕ್ಕೇ ನುಂಗಿಬಿಟ್ಟೆ. ಸಿಹಿ ತಾಗಿದರೆ ತಣ್ಣೀರಿಗಿಂತ ಹೆಚ್ಚು ನೋವು. ಪಾಕ ಚೆನ್ನಾಗಿತ್ತು, ಮೊದಲ ಕುದಿ ಚೆನ್ನಾಗಿಯೇ ಇರುತ್ತದೆ. ಯಾರೂ ಗಮನಿಸಲಿಲ್ಲ.

ಬೆಳಿಗ್ಗೆ ಒಂದೊಂದು ಕಡೆಗೆ ಉಜ್ಜುವ ನೂರು ಎಳೆತ ಸಾಲದೆಂದು ಕಾಣುತ್ತದೆ. ನಾಳೆಯಿಂದ ಇನ್ನೂರು.

ಮಾರ್ಚ್ 16, ಭಾನುವಾರ

ಮಂಜು. ರಸ ಹರಿಯುತ್ತಿದೆ.

ದಿನಕ್ಕೆ ಮೂರು ಸಲ ಉಜ್ಜುತ್ತಿದ್ದೇನೆ. ಗಟ್ಟಿ ಬ್ರಷ್ಷು, ಉಪ್ಪು, ಸೋಡಾಪುಡಿ. ರಕ್ತ ಬರುತ್ತದೆ. ಬರಲಿ, ಕೊಳೆ ಹೋಗಬೇಕು. ಬೆಳಿಗ್ಗೆ ಕುಡಿಯುವ ಸೇಬಿನ ವಿನಿಗರ್ ಬೆರೆಸಿದ ನೀರನ್ನು ಬಾಯಲ್ಲಿ ಇನ್ನಷ್ಟು ಹೊತ್ತು ಇಟ್ಟುಕೊಳ್ಳುತ್ತಿದ್ದೇನೆ. ಅಮ್ಮನಿಗೆ ಎಲ್ಲದಕ್ಕೂ ಅದೇ ಮದ್ದಾಗಿತ್ತು. ಬಾಯಲ್ಲಿ ಬೆಂಕಿ ಇಟ್ಟ ಹಾಗಾಗುತ್ತದೆ. ಮದ್ದು ಎಂದ ಮೇಲೆ ಸ್ವಲ್ಪ ಉರಿಯಲೇಬೇಕಲ್ಲ.

ಮಾರ್ಚ್ 23, ಭಾನುವಾರ

ಬಿಸಿಲು. ನಿನ್ನೆ, ಇವತ್ತು ಆಲೆಮನೆ ನೋಡಲು ಪಟ್ಟಣದವರಿಗೆಲ್ಲ ಬಾಗಿಲು ತೆರೆದಿತ್ತು. ರಾಯ್ಸ್ ತೊಳೆದ ಅಂಗಿ ಹಾಕಿಕೊಂಡು ಬಂದವರಿಗೆಲ್ಲ ನನ್ನನ್ನು ತೋರಿಸಿದ. "ಮಷೀನು ಗಿಷೀನು ಏನೂ ಬೇಡ ನಮ್ಗೆ. ನಮ್ಮಕ್ಕನ ನಾಲಿಗೆ ಇದ್ಯಲ್ಲ, ಇವತ್ತಿನ ತನಕ ಒಂದ್ಸಲನೂ ತಪ್ಪಿಲ್ಲ." ಜನ ಮೊಬೈಲು ಎತ್ತಿ ಹಿಡಿದರು. ನಾನು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡೆ. ನೋವಿಗೆ ಮುಚ್ಚಿದ್ದು, ಏನು ತನ್ಮಯತೆ ಎಂದುಕೊಂಡರು. ಮೂರಕ್ಕೆ ನುಂಗಿದೆ.

ಮನೆಗೆ ಬಂದು ಅಮ್ಮನ ಮದುವೆಯ ಫೋಟೋ ನೋಡುತ್ತ ಕೂತಿದ್ದೆ. ಹತ್ತೊಂಬತ್ತು ವರ್ಷದ ಹುಡುಗಿ, ಸಾಲಾಗಿ ಜೋಡಿಸಿದ ಬಿಳಿ ಹಲ್ಲು. ಒಂದೂ ಅವಳದಲ್ಲ. ಮದುವೆಗೆ ಹದಿನೈದು ದಿನ ಇರುವಾಗ ಅಜ್ಜ ಅವಳನ್ನು ಕರೆದುಕೊಂಡು ಹೋಗಿ, ಗಟ್ಟಿಮುಟ್ಟಾಗಿದ್ದ ಇಪ್ಪತ್ತೆಂಟು ಹಲ್ಲನ್ನೂ ಕೀಳಿಸಿ, ಕಟ್ಟಿಸಿದ ಹಲ್ಲು ಹಾಕಿಸಿಕೊಂಡು ಬಂದಿದ್ದ. ಮುಂದೆ ಗಂಡನಿಗೆ ಹಲ್ಲಿನ ಖರ್ಚು ಬರದಿರಲಿ ಎಂದು ಅಪ್ಪಂದಿರು ಕೊಡುತ್ತಿದ್ದ ಉಡುಗೊರೆ ಅದು. ನಮ್ಮವರಲ್ಲಿ ಆಗ ಅದು ಮರ್ಯಾದೆಯ ಮಾತು. ಅಮ್ಮ ಸಾಯುವ ತನಕ ಸೇಬು ಕಚ್ಚಿ ತಿನ್ನಲಿಲ್ಲ.

ನನಗೆ ಹಲ್ಲು ಬಂದಾಗಿನಿಂದ ಅವಳೇ ಹಿಂದೆ ನಿಂತು ಎಣಿಸುತ್ತಿದ್ದಳು. ಈ ಕಡೆ ನೂರು, ಆ ಕಡೆ ನೂರು. "ಉಜ್ಜು, ಜೋರಾಗುಜ್ಜು. ನಿನ್ನ ಹಲ್ಲು ನಿನ್ನ ಬಾಯಲ್ಲೇ ಇರ್ಬೇಕು, ಯಾವನ್ಗೂ ಮುಟ್ಟಕ್ಕೆ ಕೊಡ್ಬೇಡ."

ವೈದ್ಯರ ಹತ್ತಿರ ಹೋದರೆ ಕೀಳಬೇಕು ಎನ್ನುತ್ತಾರೆ. ಹಾಗಾದರೆ ಅಮ್ಮನಿಗೆ ಹೇಗೆ ಮುಖ ತೋರಿಸಲಿ?

ಏಪ್ರಿಲ್ 8, ಮಂಗಳವಾರ

ಬಿಸಿ ಗಾಳಿ, ತೆಂಕಣದಿಂದ. ಹಿಮ ಕಾಡಿನ ತಗ್ಗುಗಳಲ್ಲಿ ಮಾತ್ರ ಉಳಿದಿದೆ. ನಿನ್ನೆಯಿಂದ ಜೌಗಿನಲ್ಲಿ ಕಪ್ಪೆಗಳು ಕೂಗುತ್ತಿವೆ. ಕಪ್ಪೆ ಕೂಗಿದರೆ ಸುಗ್ಗಿ ಮುಗಿಯಿತೆಂದೇ ಲೆಕ್ಕ. ಮರ ಚಿಗುರಿಗೆ ತಯಾರಾದರೆ ರಸದಲ್ಲಿ ಚಿಗುರು ರುಚಿ ಸೇರುತ್ತದೆ. ಆ ಪಾಕ ಯಾರಿಗೂ ಬೇಡ.

ಕೊನೆಯ ಕುದಿಯನ್ನು ಇವತ್ತು ಇಳಿಸಿದೆವು. ನಾಲ್ಕು ಪೀಪಾಯಿ. ಓಡೆಟ್ ಹಬೆಗೆ ಮುಖವೊಡ್ಡಿ ನಿಂತಳು, ಹಿಂದೆ ಸರಿದಳು, ಮತ್ತೆ ಒಡ್ಡಿದಳು.

"ವರ್ನಾ, ಯಾಕೋ ಸರಿ ಕಾಣ್ತಿಲ್ಲ. ಸರಿಯಾಗಿ ನೋಡು."

ಚಮಚ ನಾಲಿಗೆಗೆ ತಾಗಿದ್ದೇ ತಡ, ದವಡೆ ಸೀಳಿದ ಹಾಗಾಯಿತು. ನುಂಗಿದೆ. ಒಂದನ್ನೂ ಎಣಿಸಲಿಲ್ಲ. "ಸರಿ ಇದೆ" ಎಂದೆ.

"ಇನ್ನೊಂದ್ಸಲ ನೋಡೇ. ನನ್ನ ಮೂಗಿಗೆ ಏನೋ ಬಡೀತಿದೆ."

"ನಲವತ್ತು ವರ್ಷದಿಂದ ನೋಡ್ತಿದೀನಿ ಓಡೆಟ್, ನಂಗೆ ಹೇಳ್ಕೊಡ್ತೀಯಾ? ನೀನು ಸೌಟು ನೋಡ್ಕೋ."

ಅವಳು ಮುಚ್ಚಳ ಹಾಕಿದಳು. ಅಷ್ಟು ಒರಟಾಗಿ ಹೇಳಬೇಕಾಗಿರಲಿಲ್ಲ. ಎರಡನೇ ಚಮಚ ನನ್ನಿಂದ ಆಗುತ್ತಿರಲಿಲ್ಲ.

ಏಪ್ರಿಲ್ 9, ಬುಧವಾರ

ಮಳೆ. ಉಜ್ಜಿದೆ. ಬೆಚ್ಚಗಿನ ಗಂಜಿ ಕುಡಿದೆ.

ಏಪ್ರಿಲ್ 26, ಶನಿವಾರ

ಮೋಡ. ಬರೆಯಬಾರದು ಎಂದುಕೊಂಡೆ. ಬರೆಯದಿದ್ದರೆ ಆಗಿದ್ದು ಆಗಿಲ್ಲವೆಂದಾಗುವುದಿಲ್ಲ.

ಚರ್ಚಿನ ಹಿಮಪಾಕದ ಊಟ ಇತ್ತು. ರಾಯ್ಸ್ ತಗ್ಗಿನಿಂದ ಹಿಮ ಗೋರಿ ಡಬ್ಬಗಳಲ್ಲಿ ತುಂಬಿಸಿಟ್ಟಿದ್ದ. ಓಡೆಟ್ ಕೊನೆಯ ಪೀಪಾಯಿಯ ಪಾಕವನ್ನು ಎಳೆಪಾಕವಾಗುವ ತನಕ ಮತ್ತೆ ಕಾಯಿಸಿದಳು. ಎಲ್ಲರ ಮುಂದೆಯೂ ಒಂದೊಂದು ಬಟ್ಟಲು ಹಿಮ. ಅದರ ಮೇಲೆ ಸುಡುಸುಡುವ ಪಾಕ ಸುರಿದರೆ ಅಂಟಾಗಿ ನಿಲ್ಲುತ್ತದೆ. ಮುಳ್ಳುಚಮಚಕ್ಕೆ ಸುತ್ತಿಕೊಂಡು ತಿನ್ನುವುದು, ಸಿಹಿ ಹೆಚ್ಚಾಯಿತು ಎನಿಸಿದಾಗ ಹುಳಿ ಸೌತೆಯ ಉಪ್ಪಿನಕಾಯಿ ಕಚ್ಚುವುದು. ಬಿಸಿ, ತಣ್ಣಗೆ, ಸಿಹಿ, ಹುಳಿ, ನಾಲ್ಕೂ ಒಂದೇ ತುತ್ತಿನಲ್ಲಿ. ನನ್ನನ್ನು ಹಿಂಸಿಸಬೇಕೆಂದೇ ಯಾರೋ ಕೂತು ಯೋಚಿಸಿದ ಹಾಗಿತ್ತು. ಬಡಿಸುವ ಕೆಲಸ ಹಿಡಿದು ತಪ್ಪಿಸಿಕೊಂಡೆ.

ಮೊದಲು ಒಬ್ಬಳು ಮುಳ್ಳುಚಮಚ ಕೆಳಗಿಟ್ಟಳು. ಆಮೇಲೆ ಇನ್ನೊಬ್ಬ. ಮಕ್ಕಳು ಬಾಯಲ್ಲಿದ್ದುದನ್ನು ಹಿಮಕ್ಕೆ ಉಗುಳಿದವು. ಒಬ್ಬರು ಸೀದಿದೆ ಎಂದರು, ಇನ್ನೊಬ್ಬರು ಬೂಷ್ಟು ಎಂದರು. ಆಲ್ಡನ್, "ಚಿಗುರು ಹೊಡೆದಿದೆ ಕಣ್ರೋ, ಅಪ್ಪಟ ಚಿಗುರು" ಎಂದ. ಕಟ್ಟಿಸಿದ ಹಲ್ಲಿನವನಿಗೆ ಏನು ರುಚಿ ತಿಳಿಯುತ್ತದೆ ಎಂದು ಯಾರೂ ಅವನ ಮಾತಿಗೆ ಬೆಲೆ ಕೊಡಲಿಲ್ಲ.

ಓಡೆಟ್ ಮೆಲ್ಲಗೆ, "ಅವತ್ತೇ ನನ್ನ ಮೂಗಿಗೆ ಬಡಿದಿತ್ತು" ಎಂದಳು.

"ಏನ್ ಬಡಿದಿತ್ತು? ಅಕ್ಕ ನೋಡಿದಾಗ ಸರಿಯಾಗೇ ಇತ್ತಲ್ಲ!" ರಾಯ್ಸ್ ಎಲ್ಲರ ಎದುರಿಗೇ ಕೂಗಿದ. "ಆಮೇಲೆ ಕೆಡಿಸಿದ್ದು ನೀನು. ಸೋಸೋ ಬಟ್ಟೆ ನೆಟ್ಟಗೆ ತೊಳ್ದಿಲ್ಲ. ಮೂವತ್ತು ವರ್ಷ ಆಯ್ತು, ಒಂದು ಬಟ್ಟೆ ತೊಳೆಯೋದು ಗೊತ್ತಾಗ್ಬೇಡ್ವಾ?"

ಅವಳು ನನ್ನ ಕಡೆ ನೋಡಿದಳು. ನಾನು ಕೈಯಲ್ಲಿದ್ದ ಉಪ್ಪಿನಕಾಯಿ ತಟ್ಟೆ ನೋಡಿದೆ.

ಏಪ್ರಿಲ್ 27, ಭಾನುವಾರ

ಅದೇ ಪಾಕ ಒಂದು ಸೀಸೆ ಮನೆಯಲ್ಲಿತ್ತು. ಉಗುರುಬೆಚ್ಚಗೆ ಮಾಡಿ, ಬಾಗಿಲು ಹಾಕಿಕೊಂಡು, ನಾಲಿಗೆಯ ಮೇಲಿಟ್ಟು ಹತ್ತು ಎಣಿಸಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನುಂಗಿ ಮತ್ತೆ ಎಣಿಸಿದೆ. ಏಳಕ್ಕೆ ಬಂತು, ಗಂಟಲ ಹಿಂದಿನಿಂದ, ಹಸಿ ತೊಗಟೆಯ ಕಹಿ.

ಅಪ್ಪಟ ಚಿಗುರು. ಹಲ್ಲಿಲ್ಲದ ಆಲ್ಡನ್‌ಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಛೀ ನನ್ನ ಜನ್ಮವೇ.

ನಾಳೆ ಹೇಳುತ್ತೇನೆ.

ಮೇ 2, ಶುಕ್ರವಾರ

ಹೇಳಲಿಲ್ಲ.

ಓಡೆಟ್ ಊಟಕ್ಕೆ ಕರೆದಿದ್ದಳು. ಬಟಾಣಿ ಸೂಪು. ಒಲೆಯ ಮೇಲೆ ಇನ್ನೊಂದು ಪಾತ್ರೆಯಲ್ಲಿ ಸೋಸುವ ಬಟ್ಟೆಗಳು ಕುದಿಯುತ್ತಿದ್ದವು. ಈ ವಾರದಲ್ಲಿ ನಾಲ್ಕನೇ ಸಲವಂತೆ. ಒಂದೊಂದನ್ನೇ ಚಿಮಟದಲ್ಲಿ ಎತ್ತಿ, ಹಿಂಡಿ, ಮೂಗಿಗೆ ಹಿಡಿದು ಮೂಸುತ್ತಿದ್ದಳು. ಆಮೇಲೆ ಕೈ ಮೂಸಿಕೊಂಡಳು.

"ನಂಗೇನೂ ವಾಸನೆ ಬರ್ತಿಲ್ಲ ವರ್ನಾ. ನಿಂಗೆ ಬರ್ತಿದ್ಯಾ? ನನ್ನ ಮೂಗೇ ಹೋಯ್ತೋ ಏನೋ. ಬೆಳಿಗ್ಗೆ ಹಾಲು ಕೆಟ್ಟಿದ್ಯೋ ಇಲ್ವೋ ಅಂತ ಇವರನ್ನ ಕೇಳ್ದೆ."

ರಾಯ್ಸ್ ತಲೆ ಎತ್ತದೆ, "ಬರೋ ವರ್ಷ ಕುದಿಸೋದು ನಾನೇ ನೋಡ್ಕೋತೀನಿ. ನೀನು ಸೀಸೆಗೆ ಚೀಟಿ ಅಂಟಿಸ್ಕೊಂಡಿರು" ಎಂದ. ಅವಳು ಆಯಿತೆಂದು ತಲೆಯಾಡಿಸಿದಳು. ಕೊಪ್ಪರಿಗೆಗಾಗಿ ಗಂಡನನ್ನೇ ಪಕ್ಕಕ್ಕೆ ತಳ್ಳಿದ ಹೆಂಗಸು ಇನ್ನೊಂದು ಬಟ್ಟೆ ಎತ್ತಿ ಮೂಗಿಗೆ ಹಿಡಿದಳು.

ನಾನು ಸೂಪು ಆರಿಸಿಕೊಂಡು ಕುಡಿದೆ. ಕುಡಿದು ಮನೆಗೆ ಬಂದೆ. ನನಗೆ ನಾಚಿಕೆ ಎನ್ನುವುದು ಇದ್ದರೆ ಆ ಬಟ್ಟಲಿನಲ್ಲೇ ಮುಳುಗಿ ಸಾಯಬೇಕಾಗಿತ್ತು.

ಮೇ 6, ಮಂಗಳವಾರ

ತಣ್ಣನೆಯ ಗಾಳಿ, ಬಡಗಣದಿಂದ. ನಿನ್ನೆ ಬಾಯಿ ತೆರೆದು ಉಸಿರಾಡುವುದಕ್ಕೂ ಆಗದೆ ಬಾಯಿ ಮೂಗು ಮುಚ್ಚುವ ಹಾಗೆ ಕಂಬಳಿ ಸುತ್ತಿಕೊಂಡು ಕೂತಿದ್ದೆ. ಕೀಳುವುದಾದರೆ ಕೀಳಲಿ ಎಂದು ಇವತ್ತು ನಲವತ್ತು ಮೈಲಿ ಕಾರು ಓಡಿಸಿಕೊಂಡು ಹಲ್ಲಿನ ಆಸ್ಪತ್ರೆಗೆ ಹೋದೆ. ನಮ್ಮೂರ ಹತ್ತಿರದವರು ಯಾರೂ ಇರಬಾರದೆಂದೇ ಅಷ್ಟು ದೂರ. ಹಲ್ಲು ಶುಚಿಮಾಡುವ ಹುಡುಗಿ ಮುಖಗವಸು ಕೆಳಗೆಳೆದು, "ಮಿಸ್ ಪೆಲ್ಕಿ! ನಾನು ಜೆನೆಲ್. ಊಟದ ಸಾಲಲ್ಲಿ ದಿನಾ ನನ್ನ ಬಾಯಿ ತೆಗೆಸ್ತಿದ್ರಲ್ಲ!" ಎಂದಳು.

ಕುರ್ಚಿಯಿಂದ ಎದ್ದು ಓಡೋಣ ಎನಿಸಿತು.

"ಇವತ್ತು ನಿಮ್ಮ ಸರದಿ. ಎಲ್ಲಿ, ಆ ಅನ್ನಿ."

ಬಹಳ ಹೊತ್ತು ನೋಡಿದಳು. ಸಣ್ಣಗೆ ಗಾಳಿ ಊದಿದಾಗ ನಾನು ಕುರ್ಚಿಯ ಕೈ ಕಿತ್ತು ಬರುವ ಹಾಗೆ ಹಿಡಿದುಕೊಂಡೆ. ವೈದ್ಯರೂ ಬಂದು ನೋಡಿ, ಎಕ್ಸ್‌ರೇ ತೆಗೆಸಿ ಹೋದರು. ನಾನೇ ಜೆನೆಲ್‌ಳನ್ನು ಕೇಳಿದೆ, "ಎಷ್ಟು ಕೀಳ್ಬೇಕು?"

"ಕೀಳೋದಾ? ಒಂದೇ ಒಂದು ಹುಳುಕೂ ಇಲ್ವಲ್ಲ! ಇಷ್ಟು ಚೊಕ್ಕಟ ಬಾಯಿ ನಾನು ಈ ವರ್ಷ ನೋಡಿಲ್ಲ. ಚೊಕ್ಕಟ ಜಾಸ್ತಿ ಆಗಿದ್ದೇ ತೊಂದ್ರೆ. ದಿನಾ ಹೇಗೆ ಉಜ್ತೀರಿ, ತೋರ್ಸಿ."

ತೋರಿಸಿದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಅಯ್ಯೋ, ಪಾತ್ರೆ ತಳ ತಿಕ್ಕೋ ಹಾಗೆ ತಿಕ್ತೀರಲ್ಲ! ನೋಡಿ, ಒಸಡು ಮೇಲಕ್ಕೆ ಸರಿದುಬಿಟ್ಟಿದೆ. ಹಲ್ಲಿನ ಬೇರಿಗೆ ಮೇಲಿನ ಗಟ್ಟಿ ಕವಚ ಇರಲ್ಲ. ಅದು ಬಯಲಾದ್ರೆ ಬಿಸಿ, ತಣ್ಣಗೆ, ಸಿಹಿ ಎಲ್ಲ ಸೀದಾ ನರಕ್ಕೇ ಮುಟ್ಟತ್ತೆ. ಬೆಳಿಗ್ಗೆ ಏನು ಕುಡೀತೀರಿ?"

ವಿನಿಗರ್ ಎಂದೆ. ಅದಾದ ಮೇಲೆ ಉಜ್ಜುತ್ತೇನೆ ಎಂದೂ ಹೇಳಿದೆ. ಜೆನೆಲ್ ಕಣ್ಣು ಮುಚ್ಚಿಕೊಂಡಳು.

"ಹುಳಿ ಆ ಕವಚಾನ ಮೆತ್ತಗೆ ಮಾಡತ್ತೆ. ಮೆತ್ತಗಾದ ಮೇಲೆ ನೀವು ಉಪ್ಪು ಹಾಕಿ ಕೆರೆದು ತೆಗೀತೀರಿ. ನೋವಾದಷ್ಟೂ ಇನ್ನೂ ಜೋರಾಗಿ ಉಜ್ಜಿದೀರಿ, ಅಲ್ವಾ?"

ಅಲ್ವಾ ಎಂದು ಅವಳು ಕೇಳಿದ ರೀತಿಗೆ ನನಗೆ ಅಳು ಬಂದುಬಿಟ್ಟಿತು. ಬಾಯಿ ಕೊಳೆಯಾಗಿದೆ ಎಂದು ನಾಚಿ ನಾಚಿ ಉಜ್ಜಿದ್ದು. ಅಮ್ಮನ ನೂರು ಎಳೆತಗಳೇ ಅಮ್ಮ ಕಾಪಾಡು ಎಂದದ್ದನ್ನು ಸವೆಸಿವೆ. ಅವಳು ಅಳು ಮುಗಿಯುವ ತನಕ ಕಾದು, ಹಲ್ಲಿಗೆ ಏನೋ ಲೇಪ ಹಚ್ಚಿ, ಕೂದಲಿನಷ್ಟು ಮೆತ್ತಗಿನ ಬ್ರಷ್ಷೊಂದನ್ನು ಕೊಟ್ಟಳು. ಎರಡು ಬೆರಳಲ್ಲಿ ಹಿಡಿಯಬೇಕು. ಮಗುವಿನ ಕೆನ್ನೆ ಒರೆಸುವಷ್ಟೇ ಒತ್ತಡ. ಜುಂ ಎನ್ನುವ ಹಲ್ಲಿಗೆಂದೇ ಇರುವ ಪೇಸ್ಟು, ಉಗುಳಬೇಕು, ನೀರು ಹಾಕಿ ಮುಕ್ಕಳಿಸಬಾರದು. ಹುಳಿ ತಿಂದರೆ ಒಂದು ಗಂಟೆ ಬ್ರಷ್ಷು ಮುಟ್ಟಬಾರದು. ವಿನಿಗರ್ ಬಂದ್.

"ಒಂದೇ ದಿನಕ್ಕೆ ಹೋಗಲ್ಲ, ಮಿಸ್ ಪೆಲ್ಕಿ. ಒಂದೆರಡು ತಿಂಗಳು ಬೇಕು. ಒಸಡು ವಾಪಸ್ ಬೆಳೆಯಲ್ಲ. ಇರೋದನ್ನ ಉಳಿಸ್ಕೊಳ್ಳೋಣ. ಯಾಕೆ ಮೊದಲೇ ಬರ್ಲಿಲ್ಲ?"

ನಾಚಿಕೆಯಾಯಿತು ಎಂದೆ. ಈ ಮಾತನ್ನು ಬೇರೊಬ್ಬರಿಗೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಮೇ 11, ಭಾನುವಾರ

ಬಿಸಿಲು. ಇಷ್ಟು ಮೆತ್ತಗೆ ಉಜ್ಜಿದರೆ ಉಜ್ಜಿದ ಹಾಗೇ ಇರುವುದಿಲ್ಲ, ಕಳ್ಳತನ ಮಾಡಿದ ಹಾಗಿರುತ್ತದೆ. ನೋವು ಅಷ್ಟೇ ಇದೆ.

ಓಡೆಟ್‌ಳ ಅಂಗಳದ ಹಗ್ಗದ ಮೇಲೆ ಸೋಸುವ ಬಟ್ಟೆಗಳು ಮತ್ತೆ ಒಣಗುತ್ತಿವೆ. ಕಾರು ನಿಧಾನ ಮಾಡಿದೆ. ನಿಲ್ಲಿಸಲಿಲ್ಲ.

ಮೇ 18, ಭಾನುವಾರ

ಹೇಳಿದೆ.

ರಾಯ್ಸ್, ಓಡೆಟ್ ಇಬ್ಬರೂ ಅಡಿಗೆಮನೆಯಲ್ಲಿದ್ದರು. ನಿಂತೇ ಹೇಳಿದೆ. ಪಾಕ ಚಿಗುರು ಹೊಡೆದಿತ್ತು, ಬಟ್ಟೆಯ ತಪ್ಪಲ್ಲ, ಓಡೆಟ್ ಮೂಗು ಸರಿಯಾಗಿತ್ತು, ನನ್ನ ಹಲ್ಲು ನೋಯುತ್ತಿತ್ತು, ನಾನು ಎಣಿಸಲೇ ಇಲ್ಲ.

ರಾಯ್ಸ್ ಬಾಯಿ ತೆರೆದುಕೊಂಡು ಕೂತ. "ಹಲ್ ನೋವಾ? ನಿಂಗಾ? ಅಷ್ಟೇನಾ ಅಕ್ಕಾ? ಹೋಗ್ಲಿ ಬಿಡು."

"ಹೋಗ್ಲಿ ಅನ್ನಕ್ಕೆ ನೀನ್ಯಾರು?" ಓಡೆಟ್ ಅವನ ಮೇಲೆ ತಿರುಗಿದಳು. ಆಮೇಲೆ ನನ್ನ ಮೇಲೆ. "ಹಲ್ಲು ನೋವು ಯಾರಿಗಾದ್ರೂ ಬರತ್ತೆ ವರ್ನಾ. ಅವತ್ತೇ 'ನನ್ನ ಕೈಲಾಗಲ್ಲ ಓಡೆಟ್, ನೀನೇ ನೋಡು' ಅಂದಿದ್ರೆ ಮುಗೀತಿತ್ತು. ಮೂರು ವಾರ! ಇಲ್ಲೇ ಕೂತಿದ್ಯಲ್ಲ, ಈ ಕುರ್ಚಿ ಮೇಲೆ. ನಾನು ಹುಚ್ಚಿ ಹಾಗೆ ಕೈ ಮೂಸ್ಕೋತಿದ್ದೆ, ನೀನು ನೋಡ್ತಾ ನೋಡ್ತಾ ಸೂಪು ಕುಡಿದೆ."

ಕ್ಷಮಿಸು ಎಂದೆ.

"ನನ್ನನ್ನ ಬೈದಿದ್ದು ಇಡೀ ಊರಿನ ಎದುರಿಗೆ. ನೀನು ತಪ್ಪೊಪ್ಕೊಳ್ತಿರೋದು ಅಡಿಗೆಮನೇಲಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೇಳಿಬಿಟ್ಟರೆ ಹಗುರಾಗುತ್ತದೆ ಎನ್ನುತ್ತಾರೆ. ನನಗೇನೂ ಆಗಲಿಲ್ಲ. ಅವಳು ಹೇಳಿದ್ದು ಒಂದೊಂದೂ ನಿಜ.

ಜೂನ್ 1, ಭಾನುವಾರ

ಸೆಕೆ. ಸೊಳ್ಳೆ.

ಪೂಜೆ ಮುಗಿದು ಪಾದ್ರಿ ಪ್ರಕಟಣೆ ಓದಿದರು. ಕೇಕು ಮಾರಾಟ ಶನಿವಾರ, ಸಮಾಧಿಯ ಹುಲ್ಲು ಕತ್ತರಿಸಲು ಜನ ಬೇಕು. "ಇನ್ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದರು. ಎದ್ದು ನಿಂತೆ.

"ಹಿಮಪಾಕದ ಊಟದ ದಿನ ಪಾಕ ಕೆಟ್ಟಿದ್ದು ಓಡೆಟ್‌ಳಿಂದ ಅಲ್ಲ, ನನ್ನಿಂದ" ಎಂದೆ.

"ಏನಂತೆ?" ಹಿಂದಿನ ಬೆಂಚಿನಿಂದ ಆಲ್ಡನ್ ಕೂಗಿದ. ಅವನಿಗೆ ಕಿವಿ ಮಂದ.

"ಪಾಕ ಕೆಡ್ಸಿದ್ದು ನಾನು!" ಎಂದು ಕಿರುಚಿದೆ. "ಚಿಗುರು ಹೊಡೆದಿತ್ತು! ಓಡೆಟ್ ಅವತ್ತೇ ಹೇಳಿದ್ಲು! ನನ್ನ ಹಲ್ಲು ಜುಂ ಅಂತಿತ್ತು, ಅದಕ್ಕೆ ರುಚಿ ನೋಡ್ದೆ ಸರಿ ಇದೆ ಅಂತ ಸುಳ್ಳು ಹೇಳ್ದೆ! ಆಮೇಲೆ ಅವಳ ಮೇಲೆ ತಪ್ಪು ಬಂದಾಗ ಸುಮ್ನಿದ್ದೆ!"

"ನಾನು ಹೇಳ್ಲಿಲ್ವಾ ಚಿಗುರು ಅಂತ!" ಎಂದು ಆಲ್ಡನ್ ಪಕ್ಕದವನ ತೊಡೆಗೆ ಬಾರಿಸಿದ. ಯಾರೋ ನಕ್ಕರು. ನನ್ನ ಮುಖ ಕಾದ ಹೆಂಚಿನ ಹಾಗಾಗಿತ್ತು. ಓಡೆಟ್ ಮೂರನೇ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ತಿರುಗಿ ನೋಡಲಿಲ್ಲ. ಹೊರಗೆ ಹೋಗುವಾಗ ರಾಯ್ಸ್ ಅವಳಿಗೆ ಬಾಗಿಲು ಹಿಡಿದು ನಿಂತ. ಹಿಂದೆ ಯಾವತ್ತೂ ಅವನು ಅವಳಿಗೆ ಬಾಗಿಲು ಹಿಡಿದದ್ದನ್ನು ನಾನು ಕಂಡಿರಲಿಲ್ಲ.

ಕಾಫಿಯ ಹೊತ್ತಿಗೆ ನನ್ನ ಹತ್ತಿರ ಯಾರೂ ಸುಳಿಯುವುದಿಲ್ಲ ಎಂದುಕೊಂಡಿದ್ದೆ. ಪಾದ್ರಿಯೇ ಮೆಲ್ಲಗೆ ಬಂದು, "ಮಿಸ್ ಪೆಲ್ಕಿ, ಎಡಗಡೆನಾ ಬಲಗಡೆನಾ? ನಂಗೆ ಬಲಗಡೆ" ಎಂದರು. ಅವರ ಹಿಂದೆ ಇನ್ನೂ ಇಬ್ಬರು ನಿಂತಿದ್ದರು.

ಜುಲೈ 20, ಭಾನುವಾರ

ಬಿಸಿಲು. ಇವತ್ತು ಸೇಬು ಕಚ್ಚಿದೆ. ಆಮೇಲೆ ನೆನಪಾಯಿತು, ನೋಯಲಿಲ್ಲ.

ಆಲ್ಡನ್‌ನ ಮೊಮ್ಮಗಳು ಅಂಗಡಿಯ ಹತ್ತಿರ ಸಿಕ್ಕಿ, ಹಲ್ಲು ತೋರಿಸಿ ಎಂದಳು. ಒಸಡು ಎಲ್ಲಿಗೆ ಸರಿದಿದೆ ಎಂದು ತುಟಿ ಎತ್ತಿ ತೋರಿಸಿದೆ, ಮೆತ್ತಗೆ ಉಜ್ಜುವುದನ್ನೂ ಕಲಿಸಿದೆ. ಅಂಗಡಿಯ ಮುಂದೆ ನಿಂತು ಜನ ನೋಡುತ್ತಿದ್ದರು. ಬಿಸ್ಕತ್ತು ತರುವುದು ಮರೆತೆ.

ಓಡೆಟ್ ನನ್ನೊಂದಿಗೆ ಅಗತ್ಯಕ್ಕಷ್ಟೇ ಮಾತಾಡುತ್ತಾಳೆ. ಅವಳ ಹಗ್ಗದ ಮೇಲೆ ಸೋಸುವ ಬಟ್ಟೆ ಈಗ ಇಲ್ಲ.

ಮಾರ್ಚ್ 8, ಭಾನುವಾರ

ಮತ್ತೊಂದು ವರ್ಷ. ರಾತ್ರಿ ಹೆಪ್ಪು, ಹಗಲು ಬಿಸಿಲು, ಪಡುವಣ ಗಾಳಿ. ಮೊದಲ ಕುದಿ.

ಕರೆಯುತ್ತಾರೆಂದು ನಾನು ಕಾದಿರಲಿಲ್ಲ. ರಾಯ್ಸ್ ಫೋನ್ ಮಾಡಿ, "ಬರ್ಬೇಕಂತೆ. ಅವಳು ಹೇಳಿದ್ಲು, ನಾನಲ್ಲ" ಎಂದ. ಆಲೆಮನೆಯಲ್ಲಿ ಅವನು ಕಟ್ಟಿಗೆ ಹೊರುತ್ತಿದ್ದ, ಓಡೆಟ್ ಕೊಪ್ಪರಿಗೆಯ ಮುಂದೆ ನಿಂತಿದ್ದಳು. ಹಬೆಗೆ ಒಂದೇ ಸಲ ಮುಖ ಒಡ್ಡಿ, ಸೌಟಿನಿಂದ ಚಮಚಕ್ಕೆ ಬಗ್ಗಿಸಿ, ಆರುವ ತನಕ ಊದಿ, ನನ್ನ ಮುಂದೆ ಹಿಡಿದಳು.

"ಎಣಿಸೋದು ನಾನು" ಎಂದಳು.

ನಾಲಿಗೆಯ ಮೇಲಿಟ್ಟುಕೊಂಡೆ. ಅವಳು ಜೋರಾಗಿ ಎಣಿಸತೊಡಗಿದಳು, ತನ್ನ ಕ್ವಿಬೆಕ್ ಧಾಟಿಯಲ್ಲಿ. ಆರಕ್ಕೆ ಎಡಗಡೆ ಚುಳ್ ಎಂದಿತು, ಮೊದಲಿನಷ್ಟಲ್ಲ. ನಾನು ಬೆರಳೆತ್ತಿ ಕೆನ್ನೆ ತೋರಿಸಿದೆ. ಅವಳು ನಿಲ್ಲಿಸಿದಳು. ಸರಿಹೋಗುವ ತನಕ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ತಲೆಯಾಡಿಸಿದ ಮೇಲೆ "ಏಳು" ಎಂದಳು.

ನುಂಗಿದೆ. ಅವಳು ಮತ್ತೆ ಹತ್ತು ಎಣಿಸಿದಳು. ಅಪ್ಪ ಹೇಳುತ್ತಿದ್ದ ಹಿತ್ತಿಲ ಬಾಗಿಲಿನಿಂದ ಏನೂ ಬರಲಿಲ್ಲ.

"ಸರಿ ಇದೆ" ಎಂದೆ.

ಅವಳು ಇನ್ನೊಂದು ಚಮಚ ತೆಗೆದುಕೊಂಡು ತನ್ನ ಬಾಯಿಗಿಟ್ಟಳು. ನನ್ನ ಕಡೆ ನೋಡಿ ಕಾದಳು. ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, ಒಂದು, ಎರಡು ಎಂದು ನಾನು ಅವಳಿಗೆ ಎಣಿಸಿದೆ.